ಗಂಡನ ಕಿಡ್ನಿ ಆಗಲಿಲ್ಲ, ತಾಯಿಯದು ಆಯಿತು: ಒಂದು ಕಸಿ ಪ್ರಕರಣ

ಈ ಪ್ರಕರಣದ ರೋಗಿ 36 ವರ್ಷದ ಹೆಂಗಸು. ತುಮಕೂರು ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡವರು. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಇಬ್ಬರು ಮಕ್ಕಳು. ಗುರುತು ಸಿಗಬಾರದು ಅಂತ ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುತ್ತಿಲ್ಲ, ಕೆಲವು ವಿವರ ಬದಲಿಸಿದ್ದೇನೆ. ಕಿಡ್ನಿ ಕಸಿ ಅಂದರೆ ಆಪರೇಷನ್ ಅಂತಲೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಈ ಮನೆಯಲ್ಲಿ ಆಪರೇಷನ್ ನಾಲ್ಕು ಗಂಟೆಯಲ್ಲಿ ಮುಗಿಯಿತು. ಯಾರ ಕಿಡ್ನಿ ಅನ್ನೋದು ತೀರ್ಮಾನ ಆಗೋಕೆ ಹನ್ನೊಂದು ತಿಂಗಳು ಹಿಡಿಯಿತು. ಹಾಗಾಗಿ ಇಲ್ಲೂ ಜಾಸ್ತಿ ಜಾಗ ಆ ಹನ್ನೊಂದು ತಿಂಗಳಿಗೇ.

ಎರಡನೇ ಬಸಿರಿನಲ್ಲಿ ಆಕೆಗೆ ಬಿಪಿ ಏರಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ತಾಯಿ ಕಾರ್ಡಿನಲ್ಲಿ ನರ್ಸು ಬರೆದೂ ಇದ್ದರು. ಹೆರಿಗೆ ಆಯಿತು, ಮಗು ಚೆನ್ನಾಗಿತ್ತು, ಆಮೇಲೆ ಆಕೆಯ ಬಿಪಿಯನ್ನು ಯಾರೂ ನೋಡಲಿಲ್ಲ. ಎಂಟು ವರ್ಷ ಕಳೆದ ಮೇಲೆ ಸುಸ್ತು, ಬೆಳಗಾದರೆ ವಾಕರಿಕೆ, ಸಂಜೆಗೆ ಕಾಲು ಊತ ಶುರುವಾಯಿತು. ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದಾಯಿತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯೇಟಿನಿನ್ 7.4. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಇದು, ಹೆಂಗಸರಿಗೆ ರಕ್ತದಲ್ಲಿ ಸಾಮಾನ್ಯವಾಗಿ 1ರ ಒಳಗಿರಬೇಕು. ಹಿಮೋಗ್ಲೋಬಿನ್ 6.2. ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಕುಗ್ಗಿ ಚಿಕ್ಕದಾಗಿದ್ದವು. ಅಷ್ಟು ಕುಗ್ಗಿದ ಮೇಲೆ ಬಯಾಪ್ಸಿ ಮಾಡಿದರೂ ಮೂಲ ಕಾಯಿಲೆ ಯಾವುದು ಅಂತ ಗೊತ್ತಾಗೋದು ಕಷ್ಟ. ಆಕೆಯ ಫೈಲಿನಲ್ಲಿ ಇವತ್ತಿಗೂ ‘ಕಾರಣ ತಿಳಿದಿಲ್ಲ’ ಅಂತಲೇ ಇದೆ.

ಉಸಿರು ಕಟ್ಟುತ್ತಿದ್ದುದರಿಂದ ಹತ್ತಿರದ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು. ಈ ಎರಡು ಬಾಟಲಿ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. ಕಿಡ್ನಿ ರೋಗಿಗೆ ರಕ್ತ ಕಮ್ಮಿಯಾದರೆ ದೇಹವೇ ರಕ್ತ ತಯಾರಿಸುವಂತೆ ಮಾಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಮತ್ತು ಕಬ್ಬಿಣಾಂಶ ಕೊಟ್ಟು ನಿಧಾನವಾಗಿ ಏರಿಸೋದು ಮೇಲು, ಅದೂ ಮುಂದೆ ಕಸಿ ಆಗಬಹುದಾದವರಿಗೆ. ಆದರೆ ಆವತ್ತಿನ ಸ್ಥಿತಿಯಲ್ಲಿ ವಾರಗಟ್ಟಲೆ ಕಾಯೋ ಹಾಗಿರಲಿಲ್ಲ.

ಡಯಾಲಿಸಿಸ್ ಕುತ್ತಿಗೆಯ ಟ್ಯೂಬಿನಿಂದ ಶುರುವಾಯಿತು. ಆಮೇಲೆ ಎಡ ಮಣಿಕಟ್ಟಿನ ಹತ್ತಿರ ರಕ್ತನಾಳ ಎರಡನ್ನು ಸೇರಿಸಿ ಫಿಸ್ಟುಲಾ ಮಾಡಿದರು. ಹೊಲಿಗೆಯವರು ಅಂತ ತಿಳಿದು ಬಲಗೈ ಮುಟ್ಟಲಿಲ್ಲ. ಫಿಸ್ಟುಲಾ ಪಕ್ವವಾಗೋಕೆ ಒಂದೂವರೆ ಎರಡು ತಿಂಗಳು ಬೇಕು. ಅದರ ಮೇಲೆ ಬೆರಳಿಟ್ಟರೆ ಜುಂ ಅಂತ ರಕ್ತ ಓಡೋದು ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಜುಂ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬಾರದು, ಡಯಾಲಿಸಿಸ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಸೂಜಿ ಚುಚ್ಚಿಸಬಾರದು, ಬಿಗಿ ಬಳೆ ಹಾಕಬಾರದು. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಅನ್ನೋದು ಲೆಕ್ಕ. ತಾಲ್ಲೂಕು ಆಸ್ಪತ್ರೆಯ ಉಚಿತ ಯಂತ್ರದಲ್ಲಿ ಆಕೆಗೆ ಎರಡೇ ಸರದಿ ಸಿಕ್ಕಿತು.

ಅಡುಗೆ ಮನೆ ತಲೆಕೆಳಗಾಯಿತು. ಆ ಕಡೆ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡೋದು. ಡಯಾಲಿಸಿಸ್ ರೋಗಿಗೆ ಚೆಲ್ಲಬೇಕಾದದ್ದು ಅದೇ ಕಟ್ಟು. ಸೊಪ್ಪಿನ ಪೊಟ್ಯಾಸಿಯಂ ಬಹಳಷ್ಟು ಅದರಲ್ಲೇ ಇಳಿದಿರುತ್ತದೆ. ನೋಡಲು ಬಂದ ನೆಂಟರೆಲ್ಲ ‘ಕಿಡ್ನಿಗೆ ತಂಪು’ ಅಂತ ಎಳನೀರು ತರುತ್ತಿದ್ದರು. ಕಿಡ್ನಿ ಗಟ್ಟಿಯಾಗಿರುವವರಿಗೆ ಅದು ಸರಿ. ಇವರಿಗೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಕಿಡ್ನಿ ಕಲ್ಲಿಗೆ ಒಳ್ಳೇದು ಅಂತ ಕೇಳಿದ್ದನ್ನೆಲ್ಲ ಕಿಡ್ನಿ ಕೆಟ್ಟವರಿಗೆ ಉಪದೇಶ ಮಾಡೋದನ್ನು ನಾವು ಬಿಡಬೇಕು.

ಕೊಡುವವರು ಯಾರು?

ಇಲ್ಲಿ ಒಂದು ಮಾತು. ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಮಾಡಿಸಿಕೊಳ್ಳಬಹುದು. ಕಿಡ್ನಿ ಕೆಲಸ ಮಾಡುವ ಪ್ರಮಾಣ, ಅಂದರೆ ಇಜಿಎಫ್‌ಆರ್, 20ರ ಕೆಳಗೆ ಇಳಿದಾಗಲೇ ಕಸಿಯ ಮಾತು ಎತ್ತಿದರೆ ದಾನಿಯ ಪರೀಕ್ಷೆಗೆ ಸಮಯ ಸಿಗುತ್ತದೆ. ಈಕೆ ಬಂದಾಗಲೇ 7ರ ಆಸುಪಾಸಿನಲ್ಲಿದ್ದರು. ಆ ಅವಕಾಶ ತಪ್ಪಿತ್ತು.

ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಕಿಡ್ನಿ ಕೊಡೋರಲ್ಲಿ ಹೆಂಗಸರು ಜಾಸ್ತಿ, ಪಡೆಯೋರಲ್ಲಿ ಗಂಡಸರು ಜಾಸ್ತಿ. ಈ ಮನೆಯಲ್ಲಿ ಉಲ್ಟಾ. ಮೊದಲು ‘ನಾನು ಕೊಡ್ತೀನಿ’ ಅಂದವರು ಗಂಡ. ಅತ್ತೆಗೆ ಇಷ್ಟವಿರಲಿಲ್ಲ. ‘ದುಡಿಯೋನು ಅವನೊಬ್ಬನೇ, ಅವನೂ ಮಲಗಿಬಿಟ್ರೆ?’ ಅಂತ ಕೇಳಿದರು. ಕೇಳಿದ್ದು ತಪ್ಪೇನಲ್ಲ. ಕೊಟ್ಟವರು ಕೆಲವು ವಾರ ಭಾರ ಎತ್ತಬಾರದು, ಗೂಡ್ಸ್ ಆಟೋದವರಿಗೆ ಭಾರ ಎತ್ತೋದೇ ಕೆಲಸ. ಅದನ್ನೂ ಲೆಕ್ಕ ಹಾಕಿ, ಗಾಡಿಯನ್ನು ಬಾಡಿಗೆಗೆ ಬಿಡೋದು ಅಂತ ತೀರ್ಮಾನಿಸಿಕೊಂಡೇ ಅವರು ಆಸ್ಪತ್ರೆಗೆ ಬಂದಿದ್ದರು.

ಆಕೆಯದು ಬಿ ಪಾಸಿಟಿವ್, ಗಂಡನದು ಓ ಪಾಸಿಟಿವ್. ಓ ಗುಂಪಿನವರು ಯಾರಿಗಾದರೂ ಕೊಡಬಹುದು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಮನೆಯವರ ಪಾಲಿಗೆ ಎಲ್ಲ ಮುಗಿದಂತೆಯೇ ಆಗಿತ್ತು. ಗಂಡನಿಗೆ ರಕ್ತ, ಮೂತ್ರ, ಸಕ್ಕರೆ, ಎದೆ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆದವು. ಆಮೇಲೆ ಕ್ರಾಸ್‌ಮ್ಯಾಚ್. ರೋಗಿಯ ರಕ್ತದ ಸೀರಂ, ಅಂದರೆ ಕಣಗಳಿಲ್ಲದ ನೀರಿನಂಥ ಭಾಗ ತೆಗೆದು ಅದಕ್ಕೆ ದಾನಿಯ ಬಿಳಿ ರಕ್ತಕಣ ಸೇರಿಸಿ ನೋಡುವ ಪರೀಕ್ಷೆ ಅದು. ಕಣಗಳು ಸತ್ತರೆ ಪಾಸಿಟಿವ್. ವರದಿಯಲ್ಲಿ ಪಾಸಿಟಿವ್ ಅಂತ ನೋಡಿ ಗಂಡ ಒಂದು ಗಳಿಗೆ ಖುಷಿಪಟ್ಟರಂತೆ. ನಿಜದಲ್ಲಿ ಅದರ ಅರ್ಥ, ಈ ಕಿಡ್ನಿ ಹಾಕಿದರೆ ಆಕೆಯ ದೇಹ ಅದನ್ನು ಗಂಟೆಗಳಲ್ಲೇ ಕೊಂದುಹಾಕಬಹುದು ಅಂತ.

ಯಾಕೆ ಹೀಗಾಯಿತು? ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ತಂದೆಯದು. ಬಸಿರಿನಲ್ಲಿ, ಹೆರಿಗೆಯಲ್ಲಿ ಮಗುವಿನ ರಕ್ತಕಣ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತವೆ. ಕೆಲವರಲ್ಲಿ ತಾಯಿಯ ದೇಹ ಆ ತಂದೆಯ ಭಾಗವನ್ನು ಪರಕೀಯ ಅಂತ ಗುರುತಿಟ್ಟುಕೊಂಡು ಪ್ರತಿಕಾಯ ತಯಾರಿಸಿಬಿಡುತ್ತದೆ. ಮಗುವಿಗೆ ಏನೂ ಆಗಲ್ಲ. ಆದರೆ ಆ ನೆನಪು ಅಳಿಸಲ್ಲ. ಮುಂದೆ ರಕ್ತ ಏರಿಸಿದರೆ ಹಳೆಯ ನೆನಪು ಮತ್ತೆ ಕೆರಳುತ್ತದೆ. ಮೊದಲು ಹೇಳಿದ ಆ ಎರಡು ಬಾಟಲಿಯ ಪಾತ್ರ ಎಷ್ಟಿತ್ತು ಅಂತ ಅಳೆಯೋಕೆ ಆಗಲ್ಲ, ಆದರೆ ಇದ್ದಿರಬಹುದು ಅಂತ ಡಾಕ್ಟರು ಹೇಳಿದರು. ಎರಡು ಮಕ್ಕಳ ತಾಯಿಗೆ ಆ ಮಕ್ಕಳ ತಂದೆಯೇ ಕಿಡ್ನಿ ಕೊಡಲು ಬಂದಾಗ ರಕ್ತದ ಗುಂಪಿನ ಹೊಂದಿಕೆಯನ್ನಷ್ಟೇ ನೋಡಿ ನೆಮ್ಮದಿಯಾಗಬಾರದು ಅನ್ನೋದು ಇದಕ್ಕೆ. ಈ ಪರೀಕ್ಷೆಯನ್ನು ಮೊದಲೇ ಮಾಡಿಸಿದ್ದರೆ ಉಳಿದ ಪರೀಕ್ಷೆಗಳ ದುಡ್ಡೂ ಉಳಿಯುತ್ತಿತ್ತು, ಎರಡು ತಿಂಗಳೂ ಉಳಿಯುತ್ತಿತ್ತು ಅಂತ ನನಗೆ ಅನಿಸುತ್ತದೆ.

ಪ್ಲಾಸ್ಮಾ ಬದಲಿಸಿ, ಪ್ರತಿಕಾಯ ಇಳಿಸಿ ಅದೇ ಕಿಡ್ನಿ ಹಾಕುವ ದಾರಿಯೂ ಇದೆ. ಖರ್ಚು ಜಾಸ್ತಿ, ಸೋಂಕಿನ ಭಯ ಜಾಸ್ತಿ, ಆಮೇಲೂ ದೇಹ ತಿರಸ್ಕರಿಸುವ ಸಾಧ್ಯತೆ ಜಾಸ್ತಿ. ಬೇರೆ ದಾನಿ ಸಿಗುವ ದಾರಿ ಇರುವಾಗ ಅದು ಬೇಡ ಅಂದರು.

ಇನ್ನೊಂದು ದಾರಿ ಸ್ವಾಪ್. 2011ರ ತಿದ್ದುಪಡಿಯ ನಂತರ ನಮ್ಮ ಕಾನೂನಿನಲ್ಲಿ ಇದಕ್ಕೆ ಜಾಗ ಇದೆ. ಹೊಂದಿಕೆ ಆಗದ ಎರಡು ಜೋಡಿಗಳು ಕಿಡ್ನಿ ಅದಲು ಬದಲು ಮಾಡಿಕೊಳ್ಳುತ್ತವೆ. ಈ ಮನೆಯ ದಾನಿ ಅವರ ಮನೆಯ ರೋಗಿಗೆ, ಅವರ ಮನೆಯ ದಾನಿ ಈ ಮನೆಯ ರೋಗಿಗೆ. ಓ ಗುಂಪಿನ ದಾನಿ ಅಂದರೆ ಸ್ವಾಪ್‌ನಲ್ಲಿ ಬಲು ಬೇಡಿಕೆ. ಓ ಗುಂಪಿನ ರೋಗಿಗಳಿಗೆ ಓ ಬಿಟ್ಟು ಬೇರೆ ಆಗಲ್ಲವಲ್ಲ. ಹೆಸರು ಬರೆಸಿದರು. ಜೊತೆಗೆ ಮಿದುಳು ನಿಷ್ಕ್ರಿಯವಾದವರ ಅಂಗಾಂಗ ಹಂಚುವ ಜೀವಸಾರ್ಥಕತೆಯ ಪಟ್ಟಿಗೂ ಆಸ್ಪತ್ರೆಯ ಮೂಲಕ ಸೇರಿದರು. ಆ ಸಾಲು ವರ್ಷಗಟ್ಟಲೆ ಉದ್ದ. ಆದರೂ ಅಲ್ಲಿ ಹೆಸರು ಇರಲೇಬೇಕು. ಮನೆಯಲ್ಲಿ ದಾನಿ ಇದ್ದಾರೆ ಅಂತ ಪಟ್ಟಿಗೆ ಸೇರದೆ ಕೂತವರು, ದಾನಿಗೆ ಏನೋ ತೊಂದರೆ ಅಂತ ಗೊತ್ತಾದ ದಿನ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ.

ಆಕೆಯ ತಮ್ಮನ ವಿಷಯ ಎರಡೇ ಸಾಲು. ದಾನಿಯಾಗಲು ಬರುವ ಯಾರನ್ನೇ ಆದರೂ ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತಾರೆ, ಅವನನ್ನೂ ಮಾತಾಡಿಸಿದರು. ಹೊರಗೆ ಬಂದು ‘ನಂದು ಆಗಲ್ವಂತೆ ಅಕ್ಕ’ ಅಂದ. ಯಾಕೆ ಅಂತ ಆಸ್ಪತ್ರೆಯವರು ಹೇಳಲಿಲ್ಲ, ಹೇಳಬಾರದು ಕೂಡ. ಆಕೆ ಕೇಳಲೂ ಇಲ್ಲ. ಆಮೇಲೆ ಆಸ್ಪತ್ರೆಗೆ ಓಡಾಡೋಕೆ ಎಲ್ಲರಿಗಿಂತ ಜಾಸ್ತಿ ಜೊತೆಯಾದವನು ಅವನೇ.

ಸ್ವಾಪ್ ಜೋಡಿ ಸಿಗದೆ ನಾಲ್ಕು ತಿಂಗಳು ಕಳೆದಾಗ ಆಕೆಯ ತಾಯಿ ಬಂದರು. 58 ವರ್ಷ, ಬಿ ಪಾಸಿಟಿವ್, ಬಿಪಿಗೆ ದಿನಕ್ಕೆ ಒಂದು ಮಾತ್ರೆ. ಒಂದು ಮಾತ್ರೆಯಲ್ಲಿ ಬಿಪಿ ಹಿಡಿತದಲ್ಲಿದ್ದು, ಮೂತ್ರದಲ್ಲಿ ಪ್ರೋಟೀನ್ ಇಲ್ಲದೆ, ಕಣ್ಣು, ಹೃದಯಕ್ಕೆ ಏನೂ ಆಗಿರದಿದ್ದರೆ ಈ ವಯಸ್ಸಿನವರನ್ನು ಹಲವು ಕಡೆ ದಾನಿಯಾಗಿ ಒಪ್ಪುತ್ತಾರೆ. ಇದೇ ಬಿಪಿ 30 ವರ್ಷದವರಿಗಿದ್ದರೆ ಬೇಡ ಅನ್ನುತ್ತಾರೆ. ಅವರ ಮುಂದೆ ಇನ್ನೂ ಬಹಳ ವರ್ಷ ಬದುಕು ಇದೆ, ಒಂದೇ ಕಿಡ್ನಿಯ ಮೇಲೆ ಬಿಪಿ ಅಷ್ಟೂ ಕಾಲ ಕೂತಿರುತ್ತದೆ. ಸಕ್ಕರೆ ಪರೀಕ್ಷೆ, ಎರಡು ಕಿಡ್ನಿ ತಲಾ ಎಷ್ಟು ಕೆಲಸ ಮಾಡುತ್ತವೆ ಅಂತ ನೋಡುವ ಡಿಟಿಪಿಎ ಸ್ಕ್ಯಾನ್, ರಕ್ತನಾಳದ ಸಿಟಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಎಲ್ಲ ನಡೆಯಿತು. ಕ್ರಾಸ್‌ಮ್ಯಾಚ್ ನೆಗೆಟಿವ್. ಹೆತ್ತವರು-ಮಕ್ಕಳು ಅಂದಮೇಲೆ ಎಚ್‌ಎಲ್‌ಎ, ಅಂದರೆ ತನ್ನದು ಯಾವುದು, ಪರಕೀಯ ಯಾವುದು ಅಂತ ದೇಹ ಗುರುತಿಸುವ ಗುರುತುಗಳು, ಅರ್ಧ ಹೊಂದೇ ಹೊಂದುತ್ತದೆ.

ದಾನಿ ಹೆಂಗಸಾದರೆ ಆಕೆಯ ಗುರುತು ಮತ್ತು ಸ್ವಂತ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರಲ್ಲದ ಬೇರೊಬ್ಬರು ದೃಢಪಡಿಸಬೇಕು ಅಂತ 2014ರ ನಿಯಮಗಳಲ್ಲಿ ಇದೆ. ಸುಮ್ನೆ ಬರೆದಿದ್ದಲ್ಲ ಅದು. ಮನೋವೈದ್ಯರು ‘ಯಾಕೆ ಕೊಡ್ತೀರಮ್ಮ?’ ಅಂತ ಕೇಳಿದ್ದಕ್ಕೆ ತಾಯಿ ‘ನನಗೆ ವಯಸ್ಸಾಯ್ತು ಸ್ವಾಮಿ, ಇದ್ರೆಷ್ಟು ಹೋದ್ರೆಷ್ಟು’ ಅಂದರು. ಮನೆಯವರಿಗೆ ಅದು ತ್ಯಾಗದ ಮಾತು. ಡಾಕ್ಟರಿಗೆ ಅದು ಒಪ್ಪಿಗೆಯಾಗಿ ಕಾಣಲಿಲ್ಲ. ಹೋದರೂ ಪರವಾಗಿಲ್ಲ ಅನ್ನುವವರಿಗೆ ಅಪಾಯ ಏನು ಅಂತ ಅರ್ಥವಾಗಿದೆ ಅಂತ ಹೇಗೆ ಹೇಳೋದು? ಮೂರು ವಾರ ಬಿಟ್ಟು ಮತ್ತೆ ಕರೆಸಿದರು. 10,000 ದಾನಿಗಳಲ್ಲಿ ಮೂವರ ಆಸುಪಾಸು ಆಪರೇಷನ್ ಕಾರಣಕ್ಕೆ ತೀರಿಕೊಳ್ಳಬಹುದು, ಉಳಿದ ಒಂದು ಕಿಡ್ನಿ ಹಿಗ್ಗಿಕೊಂಡು ಮೊದಲಿನ ಕೆಲಸದಲ್ಲಿ ಸುಮಾರು ಶೇ 70ರಷ್ಟನ್ನು ಹೊರುತ್ತದೆ, ಬಿಪಿ ಮಾತ್ರೆ ಇನ್ಮೇಲೆ ಒಂದು ದಿನವೂ ತಪ್ಪಬಾರದು ಅಂತ ಬಿಡಿಸಿ ಹೇಳಿದರು. ಈ ಸಲ ತಾಯಿ ಕೇಳಿದ ಪ್ರಶ್ನೆ: ‘ಹಸು ಕರೆಯೋಕೆ ಎಷ್ಟು ದಿನ ಬಿಟ್ಟು ಕೂರಬಹುದು?’ ಆ ಪ್ರಶ್ನೆ ಬಂದ ಮೇಲೆ ಸಹಿ ಹಾಕಿಸಿಕೊಂಡರು.

ನನ್ನ ಅಭಿಪ್ರಾಯ ಕೇಳಿದರೆ, ಸ್ವಾಪ್‌ಗೆ ಇನ್ನೂ ಸ್ವಲ್ಪ ಕಾಯಬಹುದಿತ್ತು. 40 ವರ್ಷದವರ ಕಿಡ್ನಿಗೂ 58 ವರ್ಷದವರ ಕಿಡ್ನಿಗೂ ಬಾಳಿಕೆಯಲ್ಲಿ ವ್ಯತ್ಯಾಸ ಇದೆ. ಪಡೆಯುವವರಿಗೆ ಇನ್ನೂ 36. ಆದರೆ ವಾರಕ್ಕೆ ಎರಡೇ ಡಯಾಲಿಸಿಸ್‌ನಲ್ಲಿ ಆಕೆಯ ಹೃದಯದ ಗೋಡೆ ದಪ್ಪವಾಗುತ್ತಾ ಬಂದಿದ್ದು ಎಕೋದಲ್ಲಿ ಕಾಣುತ್ತಿತ್ತು. ಡಾಕ್ಟರು ಅದನ್ನು ತೂಗಿ ನೋಡಿದರು. ಗಂಡನ ಕಿಡ್ನಿ ಮುಂದೊಂದು ದಿನ ಸ್ವಾಪ್‌ಗೆ ಬಳಕೆಗೆ ಬರಬಹುದು ಅನ್ನೋದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡರು.

ಕಾಗದಪತ್ರದ ಕೆಲಸ ಇಲ್ಲಿ ಸಲೀಸಾಯಿತು. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಕಾನೂನಿನ ಪ್ರಕಾರ ಹತ್ತಿರದ ಬಂಧುಗಳು. ಅವರಾಚೆ ಯಾರೇ ಕೊಡುವುದಿದ್ದರೂ ಅಧಿಕಾರ ಸಮಿತಿಯ ಒಪ್ಪಿಗೆ ಬೇಕು, ದುಡ್ಡಿನ ವ್ಯವಹಾರ ಇಲ್ಲ ಅಂತ ತೋರಿಸಬೇಕು. ಕಿಡ್ನಿ ಮಾರಾಟಕ್ಕೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ದಂಡ. ಕ್ಯಾಂಟೀನ್ ಹತ್ತಿರ ಒಬ್ಬಾತ ಗಂಡನಿಗೆ ‘ದಾನಿ ಕೊಡಿಸ್ತೀನಿ’ ಅಂತ ನಂಬರ್ ಕೊಟ್ಟಿದ್ದನಂತೆ. ಅವರು ಆ ಚೀಟಿಯನ್ನು ಕಸಿಯ ಕೆಲಸ ನೋಡಿಕೊಳ್ಳುವ ಆಸ್ಪತ್ರೆಯ ಕೋಆರ್ಡಿನೇಟರ್ ಕೈಗೆ ಕೊಟ್ಟರು.

ಆಪರೇಷನ್ ಮತ್ತು ಆಮೇಲೆ

ತಾಯಿಯ ಎಡ ಕಿಡ್ನಿ ತೆಗೆದರು. ಎಡಗಡೆಯ ರಕ್ತನಾಳ ಉದ್ದ, ಜೋಡಿಸೋಕೆ ಸಲೀಸು. ಲ್ಯಾಪ್ರೋಸ್ಕೋಪಿಯಲ್ಲಿ ಬಿಡಿಸಿ ಕೆಳಹೊಟ್ಟೆಯ ಸಣ್ಣ ಗಾಯದಿಂದ ಹೊರತೆಗೆದರು. ಪಕ್ಕದ ಕೋಣೆಯಲ್ಲಿ ಮಗಳ ಹೊಟ್ಟೆಯ ಬಲಭಾಗದಲ್ಲಿ, ತೊಡೆಸಂದಿಗೆ ಸ್ವಲ್ಪ ಮೇಲೆ ಅದನ್ನು ಕೂರಿಸಿದರು. ಹಳೆಯ ಎರಡು ಕಿಡ್ನಿಯನ್ನು ತೆಗೆಯಲಿಲ್ಲ, ಸೋಂಕೋ ಇನ್ನೊಂದೋ ಇಲ್ಲದಿದ್ದರೆ ತೆಗೆಯೋ ಅಗತ್ಯ ಬರಲ್ಲ. ಆಕೆಯ ಹೊಟ್ಟೆಯಲ್ಲಿ ಈಗ ಮೂರು ಕಿಡ್ನಿ.

ರಕ್ತ ಹರಿಯಲು ಬಿಟ್ಟ ಕೂಡಲೇ ಟೇಬಲ್ ಮೇಲೇ ಮೂತ್ರ ಬಂತು. ಮೊದಲ ದಿನ ಎಂಟು ಲೀಟರ್‌ಗೂ ಜಾಸ್ತಿ. ಗಂಟೆಗೊಮ್ಮೆ ಅಳೆದು ಅದಕ್ಕೆ ತಕ್ಕಂತೆ ಡ್ರಿಪ್ ಕೊಡುತ್ತಿದ್ದರು. ಕ್ರಿಯೇಟಿನಿನ್ 9ರಿಂದ ಐದನೇ ದಿನಕ್ಕೆ 1.3ಕ್ಕೆ ಇಳಿಯಿತು. ಮೂತ್ರದ ಟ್ಯೂಬು (ಕ್ಯಾತಿಟರ್) ತೆಗೆದ ಮೇಲೆ ಅರ್ಧ ಗಂಟೆಗೊಮ್ಮೆ ಬಾತ್‌ರೂಮಿಗೆ ಓಟ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಮೂತ್ರಚೀಲ ಕುಗ್ಗಿರುತ್ತದೆ, ಹಿಗ್ಗೋಕೆ ವಾರಗಳು ಬೇಕು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಹಾಗಾಗಿ ಆಕೆ ಹೊಸ ಕಿಡ್ನಿಯೇ ಕೆಟ್ಟಿತೇನೋ ಅಂತ ಹೆದರಿದ್ದರು. ಮೂತ್ರನಾಳದ ಒಳಗೆ ಇಟ್ಟ ಸಣ್ಣ ಕೊಳವೆಯನ್ನು (ಸ್ಟೆಂಟ್) ಆರು ವಾರದ ಹೊತ್ತಿಗೆ ತೆಗೆದರು.

ತಾಯಿಗೆ ಗಾಯಕ್ಕಿಂತ ಹೆಗಲು ನೋವು ಜಾಸ್ತಿ ಕಾಡಿತು. ಲ್ಯಾಪ್ರೋಸ್ಕೋಪಿಗೆ ಹೊಟ್ಟೆಗೆ ತುಂಬುವ ಗ್ಯಾಸಿನಿಂದ ಹಾಗಾಗುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ಇನ್ನೊಂದು ಗಾಬರಿ ಅವರ ವರದಿಯದು. 0.7 ಇದ್ದ ಕ್ರಿಯೇಟಿನಿನ್ 1.1 ಆಗಿತ್ತು. ‘ಅಮ್ಮನ ಕಿಡ್ನಿನೂ ಹೋಯ್ತಾ?’ ಅಂತ ತಮ್ಮ ಓಡಿ ಬಂದ. ಒಂದು ಕಿಡ್ನಿ ಕೊಟ್ಟವರಲ್ಲಿ ಅಷ್ಟು ಏರೋದು ಸಹಜ, ಅದು ಕಾಯಿಲೆ ಅಲ್ಲ. ನಾಲ್ಕನೇ ದಿನ ತಾಯಿ ಮನೆಗೆ ಹೋದರು.

ಮಗಳಿಗೆ ಇನ್ನು ಮಾತ್ರೆಯ ಬದುಕು. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್, ಈ ಮೂರೂ ದೇಹ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುತ್ತವೆ. ಜೊತೆಗೆ ಮೊದಲ ತಿಂಗಳುಗಳಲ್ಲಿ ಸೋಂಕು ತಡೆಯುವ ಮಾತ್ರೆಗಳು. ತಿಂಗಳಿಗೆ ಹತ್ತು ಸಾವಿರದ ಆಸುಪಾಸು ಬರುತ್ತಿತ್ತು. ಆಪರೇಷನ್ ಖರ್ಚಿಗೆ ಊರೆಲ್ಲ ಸೇರಿ ದುಡ್ಡು ಕೂಡಿಸುತ್ತಾರೆ, ಎರಡನೇ ವರ್ಷದ ಮಾತ್ರೆಗೆ ಯಾರೂ ಕೂಡಿಸಲ್ಲ. ಬಿಪಿಎಲ್ ಕಾರ್ಡ್ ಇದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕಸಿ ಯೋಜನೆಯಲ್ಲಿ ಔಷಧಿಗೂ ನೆರವು ಇದೆಯಾ ಅಂತ ಆಪರೇಷನ್‌ಗೆ ಮೊದಲೇ ಕೇಳಿಕೊಳ್ಳಬೇಕು.

ಟ್ಯಾಕ್ರೋಲಿಮಸ್ ಬೆಳಿಗ್ಗೆ 8, ರಾತ್ರಿ 8. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟು, ಆಮೇಲೆ ಅಲ್ಲೇ ನುಂಗಬೇಕು. ನುಂಗಿಕೊಂಡು ಹೋದರೆ ಆ ಪರೀಕ್ಷೆಗೆ ಅರ್ಥವಿಲ್ಲ.

ಮೂರನೇ ತಿಂಗಳಲ್ಲಿ ಆಕೆಗೆ ಸೂಜಿಗೆ ದಾರ ಪೋಣಿಸೋಕೆ ಆಗದಷ್ಟು ಕೈ ನಡುಕ ಬಂತು. ಕ್ರಿಯೇಟಿನಿನ್ 1.3ರಿಂದ 1.9. ಮನೆಯವರೆಲ್ಲ ‘ರಿಜೆಕ್ಷನ್’ ಅಂತಲೇ ಅಂದುಕೊಂಡರು. ಟ್ಯಾಕ್ರೋಲಿಮಸ್ ಮಟ್ಟ ನೋಡಿದರೆ 17, ಆ ಹಂತದಲ್ಲಿ ಬೇಕಾದ್ದರ ಎರಡರಷ್ಟು. ಈ ಔಷಧಿ ಜಾಸ್ತಿಯಾದರೆ ಕಿಡ್ನಿಗೇ ಪೆಟ್ಟು. ಏನು ತಿಂದಿರಿ ಅಂತ ಕೆದಕಿದಾಗ ಗೊತ್ತಾಯಿತು: ದೇವನಹಳ್ಳಿ ಕಡೆಯ ನೆಂಟರು ತಂದ ಚಕ್ಕೋತವನ್ನು ವಾರದಿಂದ ದಿನಾ ತಿನ್ನುತ್ತಿದ್ದರು. ಚಕ್ಕೋತ ಮತ್ತು ಅದರ ಜಾತಿಯ ಕೆಲವು ಹಣ್ಣುಗಳು ಕರುಳಿನಲ್ಲಿ ಈ ಔಷಧಿ ಒಡೆದು ನಾಶವಾಗದಂತೆ ತಡೆದು ಮಟ್ಟ ಏರಿಸುತ್ತವೆ. ಅದೇ ವಾರ ಭೇದಿಯೂ ಆಗಿತ್ತು, ಅದೂ ಮಟ್ಟ ಏರಿಸುತ್ತದೆ, ಹಾಗಾಗಿ ಹಣ್ಣೊಂದರ ಮೇಲೇ ಗೂಬೆ ಕೂರಿಸೋ ಹಾಗಿಲ್ಲ. ಹಣ್ಣು ನಿಲ್ಲಿಸಿ ಡೋಸ್ ಇಳಿಸಿದರು. ಹತ್ತು ದಿನದಲ್ಲಿ ಮಟ್ಟ 8ಕ್ಕೆ, ಕ್ರಿಯೇಟಿನಿನ್ 1.4ಕ್ಕೆ ಬಂತು. ಬಯಾಪ್ಸಿ ಬೇಕಾಗಲಿಲ್ಲ. ಚರ್ಮಕ್ಕೆ, ಬಾಯಿಹುಣ್ಣಿಗೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಫಂಗಸ್ ಮಾತ್ರೆಗಳೂ ಇದೇ ಕೆಲಸ ಮಾಡುತ್ತವೆ.

ಡಯಾಲಿಸಿಸ್‌ನಲ್ಲಿ ನಿಂತಿದ್ದ ಮುಟ್ಟು ಎರಡನೇ ತಿಂಗಳಿಗೆ ಮರಳಿತ್ತು. ಅಂದರೆ ಬಸಿರಾಗುವ ಸಾಧ್ಯತೆಯೂ ಮರಳಿದೆ ಅಂತ ಅರ್ಥ. ಮೈಕೋಫಿನೋಲೇಟ್ ನುಂಗುವಾಗ ಬಸಿರಾದರೆ ಮಗುವಿಗೆ ಅಪಾಯ. ಈ ಮಾತನ್ನು ಡಾಕ್ಟರು ಗಂಡಸರಾದರೆ, ಪಕ್ಕದಲ್ಲಿ ತಮ್ಮ ಕೂತಿದ್ದರೆ, ಯಾರೂ ಎತ್ತಲ್ಲ. ಇಲ್ಲಿ ಎತ್ತಿದವರು ಒಬ್ಬ ನರ್ಸು.

ಈಗ ಎರಡನೇ ವರ್ಷ. ಕ್ರಿಯೇಟಿನಿನ್ 1.4ರಲ್ಲೇ ನಿಂತಿದೆ. ಬೆಳಗಿನ ಹೊತ್ತು ಅಂಗಡಿ ತೆಗೆಯುತ್ತಾರೆ, ಜನ ಜಾಸ್ತಿ ಇದ್ದರೆ ಮಾಸ್ಕ್. ಸ್ಟೀರಾಯ್ಡ್‌ನಿಂದ ಏರಿದ ಸಕ್ಕರೆಗೆ ಒಂದು ಮಾತ್ರೆ ಸೇರಿದೆ. ಬದುಕಿರುವವರಿಂದ ಪಡೆದ ಕಿಡ್ನಿ ಸಾಮಾನ್ಯವಾಗಿ 15ರಿಂದ 20 ವರ್ಷ ನಡೆಯುತ್ತದೆ. ಇದು 58ರ ಕಿಡ್ನಿ, ಅದಕ್ಕಿಂತ ಮೊದಲೇ ದಣಿಯಬಹುದು. ಆಕೆಗೆ ಇನ್ನೊಂದು ಕಸಿ ಬೇಕಾಗಬಹುದು ಅನ್ನೋದನ್ನು ಡಾಕ್ಟರು ಮುಚ್ಚಿಟ್ಟಿಲ್ಲ. ಸ್ವಾಪ್ ಮಾತು ಬಂದರೆ ಇರಲಿ ಅಂತ ಗಂಡ ಬೀಡಿ ಬಿಟ್ಟಿದ್ದಾರೆ.

ತಾಯಿ ಮಾತ್ರ ವರ್ಷದ ತಪಾಸಣೆಗೆ ಬಂದಿಲ್ಲ. ಬಿಪಿ, ಕ್ರಿಯೇಟಿನಿನ್, ಮೂತ್ರದ ಪ್ರೋಟೀನ್, ವರ್ಷಕ್ಕೊಮ್ಮೆ ಇಷ್ಟೇ. ಫೋನ್ ಮಾಡಿದರೆ ‘ನನಗೇನಾಗಿದೆ’ ಅನ್ನುತ್ತಾರೆ. ಮುಂದಿನ ತಿಂಗಳು ಮಗಳು ರಕ್ತ ಪರೀಕ್ಷೆಗೆ ಹೋಗುವ ದಿನವೇ ಅಮ್ಮನನ್ನೂ ಗಾಡಿ ಹತ್ತಿಸಿಕೊಂಡು ಬರುವ ಕೆಲಸವನ್ನು ತಮ್ಮನಿಗೆ ವಹಿಸಿದ್ದಾರೆ.